ಒಂಬತ್ತು ಮನೆಯ ಆಟ

ಮಂಜುಗಡ್ಡೆಯನ್ನು ಪಾನಕದ ಲೋಟದಲ್ಲಿಯ ಹೊರತು ಮತ್ತೆಲ್ಲಿಯೂ ಕಾಣದ ನಾನು, ಈ ಒಂದು ವರ್ಷದಿಂದ ಮಂಜುಗಡ್ಡೆಯ ಮೇಲೆ ಹಾಕಿಯಾಡುವವರ ಹೆಸರುಗಳನ್ನು ಬೆಳಗಿನ ಕಾಫಿಯೊಡನೆ ಜಪಿಸುತ್ತಿರುವೆನೆಂದರೆ ವಾಚಕ ಮಹಾಶಯರು ನಗಬಹುದು. ನಕ್ಕರೆ ನನಗೆ ಬೇಸರವಿಲ್ಲ; ನಮ್ಮ ಮನೆಯಲ್ಲಿಯೂ ನಗುವರು. ಆದರೆ ಈ ಆಟದ ದೆಸೆಯಿಂದ ನನ್ನ ಸಂಸಾರದಲ್ಲಿ ಒಂದು ಸಣ್ಣ ಪ್ರಸಂಗವು ನಡೆದು, ಅದರಲ್ಲಿ ನಾನು ತಲೆ ತಗ್ಗಿಸಬೇಕಾಗಿ ಬಂದುದರಿಂದ, ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುವುದು ಉಚಿತವೆಂದು ತೋರಿತು.

ನನ್ನ ಮಗಳ ಸಂಸಾರವು ಕೆನಡಾ ದೇಶದ ಟೊರಾಂಟೊ ನಗರದಲ್ಲಿರುವುದು. ಮೊಮ್ಮಗನಿಗೆ ಹದಿಮೂರು ವರ್ಷ. ಚಳಿಗಾಲದಲ್ಲಿ ಮೈಸೂರಿನಲ್ಲಿ ಬೆಳಗಿನ ಏಳೂವರೆ ಗಂಟೆಯಾದಾಗ ಅಲ್ಲಿ ಹಿಂದಿನ ರಾತ್ರಿಯ ಒಂಬತ್ತು ಗಂಟೆ. ನಾನು ಕಾಫಿ ಮುಗಿಸುವ ಹೊತ್ತಿಗೆ ಅವನು ಮಲಗುವ ಮುನ್ನ ಫೋನಿನಲ್ಲಿ ನಮಗೆ ಮುಖ ತೋರಿಸಿ ಹೋಗುವುದು ಬಹುಕಾಲದ ವಾಡಿಕೆ. ಚಿಕ್ಕಂದಿನಲ್ಲಿ ಕಥೆ ಹೇಳೆಂದು ಪೀಡಿಸುತ್ತಿದ್ದನು. ಹನ್ನೊಂದು ಹನ್ನೆರಡು ತುಂಬಿದ ಮೇಲೆ ಮಾತು ಬತ್ತುತ್ತ ಬಂದಿತು. "ಊಟವಾಯಿತೆ, ಪುಟ್ಟ?" "ಆಯಿತು, ತಾತ." "ಶಾಲೆ ಹೇಗಿದೆ?" "ಚೆನ್ನಾಗಿದೆ." ಇಷ್ಟಾದ ಮೇಲೆ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಸುಮ್ಮನಿರುವುದು. ಪ್ರೀತಿ ಕಡಮೆಯಾಗಿತ್ತೆಂದು ನಾನು ಹೇಳುವುದಿಲ್ಲ. ಅವನ ದಿನದೊಳಗೆ ನಾನಿರಲಿಲ್ಲ, ನನ್ನ ದಿನದೊಳಗೆ ಅವನಿರಲಿಲ್ಲ. ಇಬ್ಬರಿಗೂ ಸೇರಿದ ವಸ್ತುವೊಂದಿಲ್ಲದೆ ಹೋದರೆ ರಕ್ತಸಂಬಂಧವೂ ಬರಿಯ ಕುಶಲಪ್ರಶ್ನೆಗೆ ಇಳಿದುಬಿಡುವುದೆಂಬುದನ್ನು ಪರದೇಶದಲ್ಲಿ ಮಕ್ಕಳಿರುವ ಓದುಗರು ಚೆನ್ನಾಗಿ ಬಲ್ಲರು.

ಹೀಗಿರುವಲ್ಲಿ ಒಂದು ದಿನ ಅವನು ಎಂದಿನ ಕುಶಲಪ್ರಶ್ನೆಗೆ ಉತ್ತರ ಹೇಳದೆ, "ತಾತ, ಇದೊಂದು ಮನೆ ತುಂಬುತ್ತಿಲ್ಲ" ಎಂದನು. ಬೇಸಗೆಯ ರಜದಲ್ಲಿ ಬಂದಿದ್ದಾಗ ಅವನ ಅಜ್ಜಿಯು ಚೌಕಾಬಾರ ಕಲಿಸಿದ್ದಳು. ಅಂದಿನಿಂದ ಯಾವ ಚೌಕವನ್ನು ಕಂಡರೂ ಅವನ ಬಾಯಲ್ಲಿ ಅದು 'ಮನೆ'ಯೇ. ಅವನು ತೋರಿಸಿದ ಮಣೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಮನೆಗಳಿದ್ದುವು. ಎಂಟರಲ್ಲಿ ಯಾರದೋ ಹೆಸರುಗಳು, ಒಂದು ಖಾಲಿ. ಅದೇನೆಂದು ಕೇಳಿದೆನು. ಅವನು ಅರ್ಧ ಗಂಟೆ ಹೇಳಿದನು. ಅಷ್ಟು ದೀರ್ಘವಾಗಿ ಅವನು ನನ್ನೊಡನೆ ಮಾತನಾಡಿ ಎರಡು ವರ್ಷವಾಗಿತ್ತು.

ಹಾಕಿಯೆಂದರೆ ನಮಗೆ ಹುಲ್ಲಿನ ಮೈದಾನವೂ, ಧ್ಯಾನ್ ಚಂದರೂ, ನಮ್ಮ ಕೊಡಗೂ ನೆನಪಿಗೆ ಬರುವುವು. ಕೆನಡಾದವರಿಗೆ ಹಾಗಲ್ಲ. ಅಲ್ಲಿ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಹಾಸಿನ ಮೇಲೆ, ಅಡಿಯಲ್ಲಿ ಉಕ್ಕಿನ ಅಲಗನ್ನು ಜೋಡಿಸಿದ ಬೂಟುಗಳನ್ನು ತೊಟ್ಟು, ಪಕ್ಷಕ್ಕೆ ಆರು ಮಂದಿಯಂತೆ ಜಾರುತ್ತ ಆಡುವರು. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಒಂದು ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತು ನಿಮಿಷಗಳ ಮೂರು ಪಾಳಿಗೆ ಒಂದು ಆಟ ಮುಗಿಯುವುದು. 1917ರ ನವೆಂಬರಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ನ್ಯಾಷನಲ್ ಹಾಕಿ ಲೀಗ್ ಎಂಬ ಸಂಘವು ಸ್ಥಾಪಿತವಾಯಿತು. 1942ರಿಂದ 1967ರವರೆಗೆ ಅದರಲ್ಲಿ ಆರೇ ತಂಡಗಳಿದ್ದುವು, 1967ರಲ್ಲಿ ಹನ್ನೆರಡಾದುವು, 2021ರಲ್ಲಿ ಸಿಯಾಟಲ್ ನಗರದ ತಂಡ ಸೇರಿ ಮೂವತ್ತೆರಡಾದುವು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿಯವರು 1892ರಲ್ಲಿ ಕೊಟ್ಟ ಬೆಳ್ಳಿಯ ಬಟ್ಟಲಿಗಾಗಿ ಈ ತಂಡಗಳು ವರ್ಷವರ್ಷವೂ ಹೋರಾಡುವುವು. ಗೆದ್ದ ಆಟಗಾರರ ಹೆಸರುಗಳನ್ನು ಆ ಬಟ್ಟಲಿನ ಮೈಮೇಲೆಯೇ ಕೊರೆಯುವರು.

ಇಂತು ನೂರು ವರ್ಷಗಳಿಗೂ ಮೀರಿ ಆಡಿದವರ ಹೆಸರುಗಳೇ ನಮ್ಮ ಆಟದ ಕಾಯಿಗಳು. ಮನೆಮನೆಯಲ್ಲಿಯೂ ಬಿಡಿಸುವ ಪದಬಂಧವು 1913ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಜನ್ಮ ತಾಳಿತು. ಅಂಕಿಗಳ ಸುಡೊಕು 1979ರಲ್ಲಿ ಅಮೆರಿಕದಲ್ಲಿಯೇ ಬೇರೆ ಹೆಸರಿನಿಂದ ಹುಟ್ಟಿ, 1984ರಲ್ಲಿ ಜಪಾನಿಗೆ ಹೋಗಿ, ಅಲ್ಲಿ ಇಂದಿನ ನಾಮಧೇಯವನ್ನು ಪಡೆಯಿತು. ಈ ಮನೆತನದ ಕಿರಿಯ ಕೂಸಾದ ನಮ್ಮ ಆಟವು 2023ರಲ್ಲಿ ಮೊದಲು ಬೇಸ್‌ಬಾಲ್ ಆಟಕ್ಕಾಗಿ 'ಇಮ್ಯಾಕ್ಯುಲೇಟ್ ಗ್ರಿಡ್' ಎಂಬ ಹೆಸರಿನಿಂದ ಪ್ರಸಿದ್ಧಿಗೆ ಬಂದಿತು. ಅದೇ ವರ್ಷ ಐಸ್ ಹಾಕಿಗೂ ಇಂಥ ಮಣೆಗಳಾದುವು. ಪಕ್ಕನ್ನೂ ಸುಡೊಕುವನ್ನೂ ಬೆಸೆದು 'ಪಕ್‌ಡೊಕು' ಎಂದು ಒಂದಕ್ಕೆ ಹೆಸರಿಟ್ಟರು. ದಿನಕ್ಕೊಂದು ಹೊಸ ಮಣೆ; ಲೋಕಕ್ಕೆಲ್ಲ ಅದೇ ಮಣೆ.

ನಿಯಮಗಳು ಸರಳ. ಮಣೆಯ ನೆತ್ತಿಯ ಮೇಲೆ ಮೂರು ತಲೆಬರಹ, ಎಡಮಗ್ಗುಲಲ್ಲಿ ಮೂರು. ಅವು ಹೆಚ್ಚಾಗಿ ತಂಡಗಳ ಹೆಸರುಗಳು. ಒಮ್ಮೊಮ್ಮೆ ಒಂದು ಪಾರಿತೋಷಕವೋ ಒಂದು ಸಾಧನೆಯೋ ಇರುವುದು. ಅಡ್ಡಸಾಲೂ ಕಂಬಸಾಲೂ ಕೂಡುವ ಮನೆಯಲ್ಲಿ, ಆ ಎರಡಕ್ಕೂ ಸಲ್ಲುವ ಒಬ್ಬ ಆಟಗಾರನನ್ನು ಕೂರಿಸಬೇಕು. ಒಂಬತ್ತು ಮನೆಗೆ ಒಂಬತ್ತೇ ಅವಕಾಶ. ತಪ್ಪು ಹೆಸರು ಹೇಳಿದರೆ ಒಂದು ಅವಕಾಶ ಹೋಯಿತು. ಒಬ್ಬನನ್ನು ಒಂದು ಮನೆಯಲ್ಲಿ ಕೂರಿಸಿದ ಮೇಲೆ ಮತ್ತೊಂದರಲ್ಲಿ ಕೂರಿಸುವಂತಿಲ್ಲ. ಮನೆ ತುಂಬಿದೊಡನೆ, ಅದೇ ಹೆಸರನ್ನು ನೂರಕ್ಕೆ ಎಷ್ಟು ಮಂದಿ ಹೇಳಿದರೆಂಬ ಅಂಕಿ ಮೂಡುವುದು. ಆ ಅಂಕಿ ಎಷ್ಟು ಸಣ್ಣದೋ ಆಡಿದವನ ಹಿರಿಮೆ ಅಷ್ಟು ದೊಡ್ಡದು. ಏಕೆಂದರೆ ಎಲ್ಲರೂ ಮರೆತವನನ್ನು ಅವನು ನೆನೆದನು.

ಇದನ್ನು ನಾನು ನಮ್ಮ ಮನೆಯಾಕೆಗೆ ವಿವರಿಸಿದಾಗ ಆಕೆ ಹುರುಳಿಕಾಯಿ ಸೋಸುತ್ತಿದ್ದಳು. ತಲೆಯೆತ್ತದೆಯೇ, "ಇದರಲ್ಲಿ ಹೊಸದೇನು? ಮದುವೆಮನೆಯಲ್ಲಿ ನಾವು ಮಾಡುವುದೂ ಇದೇ ಅಲ್ಲವೆ?" ಎಂದಳು. ನಿಜವೇ. ನಮ್ಮಲ್ಲಿ ಹಿರಿಯ ಹೆಂಗಸರು ನಾಲ್ವರು ಒಂದು ಕಡೆ ಕುಳಿತರೆ, "ಹಾಸನದವರಿಗೂ ಬೇಕಾದವರು, ನಂಜನಗೂಡಿನವರಿಗೂ ಬೇಕಾದವರು ಯಾರು?" ಎಂದು ಆರಂಭಿಸಿ, ಎರಡು ಮನೆಯ ಅನ್ನ ಉಂಡ ಯಾವನೋ ಒಬ್ಬ ಸೋದರಳಿಯನನ್ನು ಅರೆಗಳಿಗೆಯಲ್ಲಿ ಹಿಡಿದು ತರುವರು. ಅಡ್ಡಸಾಲು ಒಂದು ಮನೆತನ, ಕಂಬಸಾಲು ಇನ್ನೊಂದು ಮನೆತನ. ಕೂಡುವ ಮನೆಯಲ್ಲಿ ಇಬ್ಬರ ನಂಟ. ಅಂದಿನಿಂದ ನನಗೆ ಆಟವು ಅನ್ಯದೇಶದ್ದೆಂದು ತೋರಲಿಲ್ಲ.

ಆದರೆ ನಂಟಸ್ತಿಕೆಗೂ ಇದಕ್ಕೂ ಒಂದು ಭೇದವುಂಟು. ನಮ್ಮ ಕೊಡಗಿನಲ್ಲಿ 1997ರಲ್ಲಿ ಆರಂಭವಾದ ಕೊಡವ ಹಾಕಿ ಹಬ್ಬದಲ್ಲಿ ಮನೆತನಗಳೇ ತಂಡ ಕಟ್ಟಿ ಮನೆಯ ಹೆಸರಿನಲ್ಲಿ ಆಡುವುವು. ಕೆನಡಾ ಅಮೆರಿಕಗಳ ವೃತ್ತಿಯ ಹಾಕಿಯಲ್ಲಾದರೋ ತಂಡವು ತನ್ನ ಆಟಗಾರನನ್ನು ಇನ್ನೊಂದು ತಂಡದವನಿಗೆ ಅದಲುಬದಲು ಮಾಡಿಕೊಳ್ಳಬಹುದು. ಬೆಳಿಗ್ಗೆ ಒಂದೂರಿನವನಾಗಿದ್ದವನು ಸಂಜೆಗೆ ಇನ್ನೊಂದೂರಿನವನು. ಈ ಆಟದ ಚಕ್ರವರ್ತಿಯೆನಿಸಿದ ವೇನ್ ಗ್ರೆಟ್ಸ್‌ಕಿಯನ್ನೇ, ಎಡ್ಮಂಟನ್ ತಂಡಕ್ಕೆ ನಾಲ್ಕು ಸಲ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದು ತಂದವನನ್ನೇ, 1988ರ ಆಗಸ್ಟ್ 9ರಂದು ಲಾಸ್ ಏಂಜಲೀಸಿಗೆ ಕೊಟ್ಟುಬಿಟ್ಟರು. ಕ್ಯಾಮ್ ನೀಲಿ ಎಂಬವನನ್ನು ವ್ಯಾಂಕೂವರಿನವರು ಬಾಸ್ಟನ್ನಿಗೆ ಕಳುಹಿಸಿದುದು 1986ರ ಜೂನ್ 6ರಂದು. ಅಂದು ಅವನ ಇಪ್ಪತ್ತೊಂದನೆಯ ಹುಟ್ಟುಹಬ್ಬ.

ಇವರೆಲ್ಲ ಪ್ರಖ್ಯಾತರು. ಒಂಬತ್ತು ಮನೆಯ ಆಟದಲ್ಲಿ ನಿಜವಾದ ರಾಜನು ಬೇರೆ. ಅವನ ಹೆಸರು ಮೈಕ್ ಸಿಲಿಂಜರ್. ಕೆನಡಾದ ರಿಜೈನಾ ಊರಿನವನು. 1989ರಲ್ಲಿ ಡೆಟ್ರಾಯಿಟ್ ತಂಡದವರು ಆರಿಸಿಕೊಂಡ ಈತನು 2009ರಲ್ಲಿ ಆಟ ಬಿಡುವುದರೊಳಗೆ ಹನ್ನೆರಡು ತಂಡಗಳಲ್ಲಿ ಆಡಿದ್ದನು. ಆ ಸಂಘದಲ್ಲಿ ಅಷ್ಟು ತಂಡಗಳ ಅಂಗಿ ತೊಟ್ಟವನು ಮತ್ತೊಬ್ಬನಿಲ್ಲ. ಒಂಬತ್ತು ಸಲ ಅವನನ್ನು ಅದಲುಬದಲು ಮಾಡಿದರು. ಸಾವಿರಕ್ಕೂ ಮೀರಿ ಆಟಗಳನ್ನಾಡಿದರೂ ಬಟ್ಟಲಿನ ಮೈಮೇಲೆ ಅವನ ಹೆಸರು ಕೊರೆಯಲ್ಪಡಲಿಲ್ಲ. ಹನ್ನೆರಡು ಸಲ ಬಾಡಿಗೆಯ ಮನೆ ಹುಡುಕಿ, ಹನ್ನೆರಡು ಸಲ ಹೊಸಬರ ನಡುವೆ ಹೊಸಬನಾಗಿ ನಿಂತವನ ಕಷ್ಟವನ್ನು, ವರ್ಗಾವಣೆಯ ನೌಕರಿಯಲ್ಲಿ ಸಂಸಾರ ಕಟ್ಟಿಕೊಂಡು ಊರೂರು ತಿರುಗಿದ ನಾನು ಊಹಿಸಬಲ್ಲೆನು. ಆದರೆ ಈ ಮಣೆಯ ಮೇಲೆ ಅವನಿಗೆ ಸಮಾನರಿಲ್ಲ. ಒಂದೇ ತಂಡದಲ್ಲಿ ಆಡಿ ಕೀರ್ತಿವಂತನಾದವನು ಎರಡು ತಂಡಗಳು ಕೂಡುವ ಮನೆಗೆ ಪ್ರಯೋಜನವಿಲ್ಲ. ಹನ್ನೆರಡು ಊರು ಸುತ್ತಿದವನು ಎಷ್ಟೋ ಮನೆಗಳಿಗೆ ಬೀಗದ ಕೈ. ದೇಶ ಸುತ್ತು, ಕೋಶ ಓದು ಎಂದು ನಮ್ಮವರು ಹೇಳಿದರು. ದೇಶವನ್ನು ಅವನು ಸುತ್ತಿದನು. ಕೋಶ ಓದುವುದು ನಮ್ಮ ಪಾಲಿಗೆ ಬಂದಿತು.

ಓದಿದೆನು. ಲೆಕ್ಕದ ಪುಸ್ತಕವೊಂದರಲ್ಲಿ ಗೆರೆ ಹಾಕಿ, ತಂಡಕ್ಕೊಂದು ಪುಟದಂತೆ ಹೆಸರುಗಳನ್ನು ಬರೆದುಕೊಂಡೆನು. ಮರೆಯುವ ವಯಸ್ಸು, ಆದುದರಿಂದ ಹೆಸರಿನೊಡನೆ ಒಂದು ಕಥೆಯನ್ನು ಕಟ್ಟಿಕೊಂಡಲ್ಲದೆ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಕಥೆಗಳನ್ನು ಮೊಮ್ಮಗನೇ ಒದಗಿಸಿದನು. ಒಂಬತ್ತು ತಂಡಗಳಲ್ಲಿ ಆಡಿದ ಯಾರೊಮೀರ್ ಯಾಗರ್ ಎಂಬ ಚೆಕ್ ದೇಶೀಯನು ಬೆನ್ನಿನ ಮೇಲೆ 68 ಎಂಬ ಅಂಕಿಯನ್ನೇ ಏಕೆ ಧರಿಸುತ್ತಿದ್ದನೆಂದು ನಾನು ಒಮ್ಮೆ ಕೇಳಿದೆನು. 1968ರಲ್ಲಿ ಸೋವಿಯತ್ ಸೇನೆಯು ಅವನ ದೇಶದೊಳಕ್ಕೆ ನುಗ್ಗಿತೆಂದೂ, ಅವನ ತಾತನು ತೀರಿಕೊಂಡುದೂ ಅದೇ ವರ್ಷವೆಂದೂ, ಆ ನೆನಪಿಗಾಗಿಯೇ ಆ ಅಂಕಿಯೆಂದೂ ಹುಡುಗನು ಹೇಳಿದನು. ಹೇಳಿ, ಕ್ಷಣಕಾಲ ನನ್ನನ್ನು ನೋಡಿ, ಮಣೆಯ ಕಡೆಗೆ ಕಣ್ಣು ತಿರುಗಿಸಿದನು. ಮೊದಲು ನಾನು ಅವನಿಗೆ ಕಥೆ ಹೇಳುತ್ತಿದ್ದೆನು. ಈಗ ಅವನು ನನಗೆ ಹೇಳುವಂತಾಯಿತು. ಅದಕ್ಕಿಂತ ಹೆಚ್ಚಿನ ಲಾಭವನ್ನು ನಾನು ಈ ಆಟದಿಂದ ಬಯಸಿರಲಿಲ್ಲ. ಆದರೂ ಲೋಭವು ಯಾರನ್ನು ಬಿಟ್ಟಿತು?

ಇನ್ನು ಪ್ರಸಂಗಕ್ಕೆ ಬರುವೆನು. ಒಂದು ದಿನದ ಮಣೆಯ ಮೇಲ್ಗಡೆ ಬಾಸ್ಟನ್, ನ್ಯೂಯಾರ್ಕ್ ರೇಂಜರ್ಸ್, ವಾಷಿಂಗ್ಟನ್ ಎಂಬ ಮೂರು ತಂಡಗಳಿದ್ದುವು. ಎಡಗಡೆ ಷಿಕಾಗೊ, ವ್ಯಾಂಕೂವರ್ ಎಂಬ ಎರಡು ತಂಡಗಳೂ ಹಾರ್ಟ್ ಪಾರಿತೋಷಕವೂ ಇದ್ದುವು. ತನ್ನ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ಉಪಕಾರಿಯಾದ ಆಟಗಾರನಿಗೆ 1924ರಿಂದ ಕೊಡುತ್ತ ಬಂದಿರುವ ಬಹುಮಾನವದು. ಮಣೆ ಅವನ ಕೈಯಲ್ಲಿ, ಯೋಚನೆ ಇಬ್ಬರದೂ.

ಈ ಆಟದಲ್ಲಿ ನೆನಪು ಅರ್ಧ ಕೆಲಸ ಮಾತ್ರ, ಉಳಿದರ್ಧ ತರ್ಕ. ಅದು ಹೇಗೆಂಬುದನ್ನು ಓದುಗರು ನೋಡಬೇಕು. ಬಾಬಿ ಆರ್ ಎಂಬವನು ಬಾಸ್ಟನ್ನಿನಲ್ಲಿದ್ದು 1970, 71, 72ರಲ್ಲಿ ಹಾರ್ಟ್ ಪಾರಿತೋಷಕ ಪಡೆದವನು. 1976ರಲ್ಲಿ ಷಿಕಾಗೊ ಸೇರಿದವನು. ಆದುದರಿಂದ ಬಾಸ್ಟನ್ ಕಂಬದಲ್ಲಿ ಎರಡು ಮನೆಗಳಿಗೆ ಸಲ್ಲುವನು. ಫಿಲ್ ಎಸ್ಪೊಸಿಟೊ ಷಿಕಾಗೊದಿಂದ 1967ರಲ್ಲಿ ಬಾಸ್ಟನ್ನಿಗೂ ಅಲ್ಲಿಂದ 1975ರಲ್ಲಿ ರೇಂಜರ್ಸಿಗೂ ಹೋದವನು. ಬಾಸ್ಟನ್ನಿನಲ್ಲಿದ್ದಾಗ ಎರಡು ಸಲ ಹಾರ್ಟ್ ಪಡೆದವನು. ಅವನಿಗೆ ಮೂರು ಮನೆಗಳು ತೆರೆದಿದ್ದುವು. ಮಾರ್ಕ್ ಮೆಸಿಯರ್ 1992ರಲ್ಲಿ ರೇಂಜರ್ಸ್ ತಂಡದಲ್ಲಿ ಹಾರ್ಟ್ ಪಡೆದು, 1997ರಲ್ಲಿ ವ್ಯಾಂಕೂವರಿಗೆ ಹೋದವನಾದುದರಿಂದ ಅವನಿಗೂ ಎರಡು ಮನೆ. ಎಲ್ಲರನ್ನೂ ಎಲ್ಲಿ ಬೇಕಾದರೂ ಕೂರಿಸಬಹುದೆಂದು ಹಿಗ್ಗಿ ಅವಸರಪಟ್ಟರೆ, ಕೊನೆಗೆ ಒಂದು ಮನೆಗೆ ಜನವೇ ಇಲ್ಲದೆ ಹೋಗುವುದು. ಪಂಕ್ತಿಯಲ್ಲಿ ಬಡಿಸುವವನು ಹೋಳಿಗೆಯನ್ನು ಎಣಿಸಿಕೊಂಡೇ ಹೊರಡುವಂತೆ, ಯಾರಿಲ್ಲದೆ ಯಾವ ಮನೆ ಬರಿದಾಗುವುದೆಂದು ಮೊದಲೇ ನೋಡಬೇಕು.

ಹಾರ್ಟ್ ಮತ್ತು ರೇಂಜರ್ಸ್ ಕೂಡುವ ಮನೆಗೆ ನಮಗೆ ಥಟ್ಟನೆ ಹೊಳೆದವನು ಮೆಸಿಯರ್ ಒಬ್ಬನೇ. ಅವನನ್ನು ಅಲ್ಲಿ ಕೂರಿಸಿದೆವು. ಹಾಗಾದರೆ ವ್ಯಾಂಕೂವರ್ ರೇಂಜರ್ಸ್ ಮನೆಗೆ ಬೇರೆಯವನು ಬೇಕು. ಭಾರತ ಮೂಲದ ತಂದೆಯ ಮಗನಾದ ಮ್ಯಾನಿ ಮಲ್ಹೋತ್ರಾ ಎರಡೂ ತಂಡಗಳಲ್ಲಿ ಆಡಿದ್ದನೆಂಬುದು ನನ್ನ ಪುಸ್ತಕದಲ್ಲಿದ್ದಿತು. 2023ರಲ್ಲಿ ಷಿಕಾಗೊದಿಂದ ರೇಂಜರ್ಸಿಗೆ ಬಂದ ಪ್ಯಾಟ್ರಿಕ್ ಕೇನ್ ಮೊಮ್ಮಗನಿಗೆ ಗೊತ್ತಿದ್ದನು. ಅವನಿಂದ ಆ ಮನೆ ತುಂಬಲು, ಎಸ್ಪೊಸಿಟೊ ಷಿಕಾಗೊ ಬಾಸ್ಟನ್ ಮನೆಗೂ, ಆರ್ ಹಾರ್ಟ್ ಬಾಸ್ಟನ್ ಮನೆಗೂ ಸರಿಹೋದರು. ವ್ಯಾಂಕೂವರ್ ಬಾಸ್ಟನ್ ಮನೆಗೆ ಹುಟ್ಟುಹಬ್ಬದ ನೀಲಿ. ಹಾರ್ಟ್ ವಾಷಿಂಗ್ಟನ್ ಮನೆಗೆ, 2025ರ ಏಪ್ರಿಲಿನಲ್ಲಿ ಗ್ರೆಟ್ಸ್‌ಕಿಯ 894 ಗೋಲುಗಳ ದಾಖಲೆಯನ್ನು ಮೀರಿದ ಅಲೆಕ್ಸಾಂಡರ್ ಒವೆಚ್ಕಿನ್. ಷಿಕಾಗೊ ವಾಷಿಂಗ್ಟನ್ ಮನೆಗೆ ಪೀಟರ್ ಬೋಂಡ್ರ. ಎಂಟು ಮನೆ ತುಂಬಿದುವು, ಒಂದು ತಪ್ಪೂ ಇಲ್ಲ. ಒಂಬತ್ತೂ ತುಂಬಿದ ದಿನವು ಅದುವರೆಗೆ ನಮಗೆ ಬಂದಿರಲಿಲ್ಲ. ಉಳಿದುದು ವ್ಯಾಂಕೂವರ್ ವಾಷಿಂಗ್ಟನ್. ಉಳಿದ ಅವಕಾಶ ಒಂದೇ.

ಹತ್ತು ನಿಮಿಷ ಯೋಚಿಸಿದೆವು. ಅಷ್ಟರಲ್ಲಿ ಮಗಳು ಒಳಗಿನಿಂದ ಕೂಗಿದಳು. "ಹಲ್ಲುಜ್ಜಿ ಬರುತ್ತೇನೆ, ತಾತ, ಅಷ್ಟರಲ್ಲಿ ಯೋಚಿಸಿರಿ" ಎಂದು ಹುಡುಗನು ಎದ್ದು ಹೋದನು. ನನ್ನ ಪಕ್ಕದಲ್ಲಿ ಮನೆಯಾಕೆಯ ಫೋನು ಬಿದ್ದಿದ್ದಿತು. ನಾನೇನು ಮಾಡಿದೆನೆಂಬುದನ್ನು ಓದುಗರು ಊಹಿಸಿರಬಹುದು. ಎರಡೂ ತಂಡಗಳಲ್ಲಿ ಆಡಿದವರು ಯಾರೆಂದು ಅಂತರ್ಜಾಲವನ್ನು ಕೇಳಿದೆನು; ಹೆಸರುಗಳ ಪಟ್ಟಿ ಬಂದಿತು; ಅದರಲ್ಲಿ ರಾಬಿನ್ ಬಾವಾ ಎಂಬುದು ನಮ್ಮ ದೇಶದ ಹೆಸರಿನಂತೆ ಕಂಡಿತು. ಫೋನನ್ನು ಮಗುಚಿಟ್ಟೆನು. ಹುಡುಗನು ಬಂದು ಕೂತಾಗ ಹುಬ್ಬು ಗಂಟಿಕ್ಕಿಕೊಂಡು, ಎಲ್ಲಿಂದಲೋ ನೆನಪನ್ನು ಎಳೆಯುವವನಂತೆ, "ಬಾವಾ ಎಂಬವನೊಬ್ಬನಿದ್ದನಲ್ಲವೆ?" ಎಂದೆನು.

ಅವನು ಬರೆದನು. ಮನೆ ತುಂಬಿತು. ಅದರಡಿಯಲ್ಲಿ ಮೂಡಿದ ಅಂಕಿ ನೂರಕ್ಕೆ ಒಂದು. ಹುಡುಗನು ಹಾಸಿಗೆಯ ಮೇಲೆ ನಿಂತು ಕುಣಿದು, "ಅಮ್ಮಾ, ತಾತ ಬಾವಾನನ್ನು ಹೇಳಿದರು!" ಎಂದು ಕೂಗಿದನು. ನಾನು ನಕ್ಕೆನು. ನಮ್ಮ ಮನೆಯಾಕೆ ತನ್ನ ಫೋನನ್ನು ತೆಗೆದುಕೊಂಡು ಒಳಗೆ ಹೋದಳು, ಏನನ್ನೂ ಹೇಳಲಿಲ್ಲ.

ಮರುದಿನ ಅವನು ಇನ್ನೂ ಹರ್ಷದಿಂದ ಬಂದನು. ಶಾಲೆಯಲ್ಲಿ ಸ್ನೇಹಿತರಿಗೆಲ್ಲ ಹೇಳಿದ್ದನಂತೆ. ಹುಟ್ಟಿದಂದಿನಿಂದ ಹಾಕಿಯನ್ನೇ ಉಸಿರಾಡುವ ಆ ಮಕ್ಕಳಲ್ಲಿ ಯಾರಿಗೂ ಹೊಳೆಯದ ಹೆಸರು ಮೈಸೂರಿನಲ್ಲಿ ಕುಳಿತ ಅವನ ತಾತನಿಗೆ ಹೊಳೆಯಿತೆಂಬುದು ಅವನ ಹೆಮ್ಮೆ. ಆ ಹೆಮ್ಮೆ ನನ್ನ ಎದೆಗೆ ಮುಳ್ಳಾಗಿ ನೆಟ್ಟಿತು. ಪಟ್ಟಿಯಲ್ಲಿ ನೋಡಿ ಹೇಳಿದ ಒಂದು ಹೆಸರು ಎಷ್ಟರ ಅಪರಾಧ, ಇದರಿಂದ ಯಾರಿಗೆ ನಷ್ಟ, ಎಂದು ನನಗೆ ನಾನೇ ವಕೀಲನಾಗಿ ವಾದಿಸಿದೆನು. ವಾದವು ನಿಲ್ಲಲಿಲ್ಲ. ಎರಡು ವರ್ಷದ ಮೌನವಾದ ಮೇಲೆ ನಮ್ಮಿಬ್ಬರ ನಡುವೆ ಬೆಳೆದಿದ್ದುದು ಆ ಒಂದು ಮಣೆ. ಅದರ ಮೇಲೆಯೇ ನಾನು ಕಳ್ಳಕಾಯಿ ನಡೆಸಿದ್ದೆನು.

ಅಂದು ರಾತ್ರಿ ಮನೆಯಾಕೆ ಮಾತೆತ್ತಿದಳು. "ನೋಡಿ, ನಿಮ್ಮ ಕಡೆಯ ನಂಟಸ್ತಿಕೆ ನನಗೂ ಎಲ್ಲವೂ ನೆನಪಿರುವುದಿಲ್ಲ. ನಿಮ್ಮ ಅಕ್ಕನವರನ್ನು ಕೇಳಿ ಹೇಳುತ್ತೇನೆ. ಆದರೆ ಕೇಳಿ ಹೇಳಿದೆನೆಂದು ಹೇಳುತ್ತೇನೆ." ಇಷ್ಟು ಹೇಳಿ ದೀಪವಾರಿಸಿದಳು.

ಬೆಳಿಗ್ಗೆ ಹುಡುಗನು ಮಣೆಯನ್ನು ತೆರೆಯುವ ಮೊದಲೇ, "ಪುಟ್ಟ, ಬಾವಾನ ಹೆಸರು ನನಗೆ ಗೊತ್ತಿರಲಿಲ್ಲ. ನೀನು ಹಲ್ಲುಜ್ಜಲು ಹೋದಾಗ ಅಜ್ಜಿಯ ಫೋನಿನಲ್ಲಿ ನೋಡಿ ಹೇಳಿದೆ" ಎಂದೆನು. ಅವನು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನನ್ನ ಸ್ನೇಹಿತರಿಗೆಲ್ಲ ಹೇಳಿಬಿಟ್ಟೆನಲ್ಲ, ತಾತ" ಎಂದನು. ಕೋಪದ ಮಾತಾಗಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವನ ದನಿಯಲ್ಲಿ ಕೋಪವಿರಲಿಲ್ಲ. ನಿದ್ದೆ ಬರುತ್ತಿದೆಯೆಂದು ಎದ್ದು ಹೋದನು. ಮರುದಿನ ಬರಲಿಲ್ಲ, ಶಾಲೆಯ ಕೆಲಸವಿದೆಯೆಂದು ಮಗಳು ಹೇಳಿದಳು. ಅದರ ಮರುದಿನವೂ ಬರಲಿಲ್ಲ. ಆ ಎರಡು ಬೆಳಗಿನ ಕಾಫಿ ನನಗೆ ರುಚಿಸಲಿಲ್ಲ.

ಆ ವಿರಾಮದಲ್ಲಿ ಬೇರೇನೂ ತೋರದೆ, ಪಟ್ಟಿಯಿಂದ ಕದ್ದ ಹೆಸರಿನವನು ಯಾರೆಂದಾದರೂ ತಿಳಿಯೋಣವೆಂದು ಓದಿದೆನು. ರಾಬಿನ್ ಬಾವಾ 1966ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಪಂಜಾಬ್ ಮೂಲದ ಸಿಖ್ ಮನೆತನದಲ್ಲಿ ಹುಟ್ಟಿದನು. 1989ರಲ್ಲಿ ವಾಷಿಂಗ್ಟನ್ನಿನ ಅಂಗಿ ತೊಟ್ಟು ಮಂಜುಗಡ್ಡೆಗಿಳಿದಾಗ, ನ್ಯಾಷನಲ್ ಹಾಕಿ ಲೀಗಿನಲ್ಲಿ ಆಡಿದ ಭಾರತ ಮೂಲದವರಲ್ಲಿ ಅವನೇ ಮೊದಲಿಗನಾದನು. ಮುಂದೆ ವ್ಯಾಂಕೂವರ್, ಸ್ಯಾನ್ ಹೋಸೆ, ಅನಹೈಮ್ ತಂಡಗಳಲ್ಲಿ ಆಡಿದನು. ನಾಲ್ಕು ತಂಡಗಳಲ್ಲಿ ಸೇರಿ ಒಟ್ಟು 61 ಆಟ; ವ್ಯಾಂಕೂವರ್ ಪರವಾಗಿ ಆಡಿದುದು ಎರಡೇ. ಎರಡು ಸಂಜೆ ಆಡಿದುದಕ್ಕೆ ಮೂವತ್ತು ವರ್ಷಗಳಿಗೂ ಮೇಲೆ ಒಂದು ಮನೆಯ ಹಕ್ಕು ಅವನಿಗೆ ಉಳಿದಿತ್ತು. ಅವನ ತರುವಾಯ ಮಲ್ಹೋತ್ರಾ ಬಂದನು. ಇನ್ನು ಕೆಲವರು ಬಂದರು. 2008ರಿಂದ ಕೆನಡಾದಲ್ಲಿ ಹಾಕಿಯ ವೀಕ್ಷಕವಿವರಣೆಯು ಪಂಜಾಬಿ ಭಾಷೆಯಲ್ಲಿಯೂ ಪ್ರಸಾರವಾಗತೊಡಗಿತು. ಇಷ್ಟು ಒಳ್ಳೆಯ ಕಥೆಯುಳ್ಳ ಮನುಷ್ಯನನ್ನು ನಾನು ಒಂದು ಮನೆ ಮುಚ್ಚುವ ಬಿಲ್ಲೆಯಾಗಿ ಮಾತ್ರ ಬಳಸಿದ್ದೆನು.

ಮೂರನೆಯ ದಿನ ಹುಡುಗನು ಬಂದನು. ಮಣೆಯನ್ನು ಮುಂದೆ ಹಿಡಿದು, "ತಾತ, ಇವತ್ತು ಏಳು ತುಂಬಿದೆ. ಎರಡು ಬಿಟ್ಟಿದ್ದೇನೆ. ನಾನೂ ನೋಡಿಲ್ಲ" ಎಂದನು. ಸ್ನೇಹಿತರಿಗೆ ಹೇಳಿದೆಯಾ ಎಂದು ಕೇಳಿದೆನು. "ಹೇಳಿದೆ. ನಕ್ಕರು" ಎಂದನು. ನಾನು ಮಾಡಿದುದರ ದಂಡವನ್ನು ಅವನು ತೆತ್ತು ಬಂದಿದ್ದನು. ಇನ್ನೇನು ಹೇಳುವುದೆಂದು ನನಗೆ ತೋಚದೆ ಇರುವಾಗ ಅವನೇ, "ಆ ಬಾವಾ ಎಷ್ಟು ಆಟ ಆಡಿದರು?" ಎಂದು ಕೇಳಿದನು. ಓದಿದ್ದುದನ್ನೆಲ್ಲ ಹೇಳಿದೆನು, ಓದಿ ಹೇಳುತ್ತಿರುವೆನೆಂದೂ ಹೇಳಿದೆನು. ಅವನು ನಕ್ಕನು. ಆ ದಿನ ಅವನು ಹಲ್ಲುಜ್ಜಲು ಹೋದದ್ದು ಹತ್ತು ಗಂಟೆಯ ಮೇಲೆ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟು ಏರ್ಪಟ್ಟಿದೆ. ನೆನಪಿಗೆ ಬಾರದ ಮನೆಯನ್ನು ಖಾಲಿಯೇ ಬಿಡತಕ್ಕದ್ದು. ಆ ದಿನದ ಲೆಕ್ಕವನ್ನು ಹಾಗೆಯೇ ಬರೆದು ಮುಗಿಸಿದ ಮೇಲೆ, ಆ ಮನೆಗೆ ಸಲ್ಲುವ ಒಬ್ಬನನ್ನು ಹುಡುಕಿ, ಅವನು ಎಲ್ಲಿ ಹುಟ್ಟಿದನು, ಎಷ್ಟು ಊರು ತಿರುಗಿದನು, ಏನಾದನು ಎಂಬುದನ್ನು ಓದಿ, ಮರುದಿನ ಒಬ್ಬರಿಗೊಬ್ಬರು ಹೇಳತಕ್ಕದ್ದು. ಇದರಿಂದ ನಮ್ಮ ಅಂಕಗಳು ಇಳಿದಿವೆ. ಒಂಬತ್ತೂ ಮನೆ ತುಂಬಿದ ದಿನವು ನ್ಯಾಯವಾಗಿ ಇನ್ನೂ ಬಂದಿಲ್ಲ. ಆದರೆ ಮಾತಿಗೆ ಬರವಿಲ್ಲ. ತುಂಬಿದ ಮನೆಗಳಿಗಿಂತ ಖಾಲಿ ಬಿಟ್ಟವುಗಳಿಂದಲೇ ನಮಗೆ ಹೆಚ್ಚು ಮಾತು ಹುಟ್ಟುತ್ತಿರುವುದು.

ಈ ಕಾಲದಲ್ಲಿ ಯಾವ ಪ್ರಶ್ನೆಗೂ ಉತ್ತರವು ಬೆರಳ ತುದಿಯಲ್ಲಿರುವುದು. ಹುಡುಕಿ ತಿಳಿಯುವುದರಲ್ಲಿ ದೋಷವೇನೂ ಇಲ್ಲ. ನಮ್ಮ ಹಿರಿಯರೂ ನಿಘಂಟನ್ನು ತೆರೆಯುತ್ತಿದ್ದರು, ಪಂಚಾಂಗವನ್ನು ನೋಡುತ್ತಿದ್ದರು. ಹುಡುಕಿ ತಿಳಿದುದನ್ನು ನೆನೆದುದೆಂದು ಹೇಳಿಕೊಂಡಲ್ಲಿ ಮಾತ್ರ ಕೆಡುವುದು. ಮಕ್ಕಳು ನಮ್ಮ ಜ್ಞಾನವನ್ನು ಅಷ್ಟಾಗಿ ಅಳೆಯುವುದಿಲ್ಲ. ಗೊತ್ತಿಲ್ಲವೆಂದು ಹೇಳಬಲ್ಲೆವೋ ಇಲ್ಲವೋ ಎಂಬುದನ್ನು ಗಮನಿಸಿ, ಅದನ್ನೇ ಕಲಿಯುವರು. ಪರೀಕ್ಷೆಯ ಕೊಠಡಿಯಲ್ಲಿ ಕಾವಲುಗಾರನಿರುವನು. ಮನೆಯ ಆಟದಲ್ಲಿ ಕಾವಲುಗಾರನಿಲ್ಲ. ಆದುದರಿಂದಲೇ ಮನೆಯ ಆಟವು ದೊಡ್ಡ ಪಾಠಶಾಲೆ.

ಹಾಕಿಯಲ್ಲಿ ಆಸಕ್ತಿಯಿಲ್ಲದ ಓದುಗರು ಬೇಸರಿಸಬೇಕಾಗಿಲ್ಲ. ಒಂದು ಕಾಗದ, ನಾಲ್ಕು ಗೆರೆ ಸಾಕು. ನೆತ್ತಿಯ ಮೇಲೆ ತಂದೆಯ ಕಡೆಯ ಮೂರು ಊರು, ಮಗ್ಗುಲಲ್ಲಿ ತಾಯಿಯ ಕಡೆಯ ಮೂರು ಊರು ಬರೆದು, ಎರಡೂ ಊರುಗಳಲ್ಲಿ ಬಾಳಿದವರ ಹೆಸರುಗಳನ್ನು ಮಕ್ಕಳೊಡನೆ ಕುಳಿತು ತುಂಬಿ ನೋಡಿರಿ. ಖಾಲಿ ಉಳಿದ ಮನೆಗೆ ಉತ್ತರವು ಯಾವ ಫೋನಿನಲ್ಲಿಯೂ ಸಿಕ್ಕದು. ಊರಿನಲ್ಲಿರುವ ದೊಡ್ಡಮ್ಮನನ್ನೋ ಸೋದರತ್ತೆಯನ್ನೋ ಮಾತನಾಡಿಸಿ ಕೇಳಬೇಕಾಗುವುದು. ಕೇಳಿದ ಮೇಲೆ, ಕೇಳಿ ತಿಳಿದೆನೆಂದು ಪಕ್ಕದಲ್ಲಿ ಬರೆದಿಡಿರಿ.

ಏಳೂವರೆಯಾಗುತ್ತ ಬಂದಿತು. ಇಂದಿನ ಮಣೆಯಲ್ಲಿ ಡೆಟ್ರಾಯಿಟ್ ಇರುವುದೆಂದು ಹುಡುಗನು ಸುದ್ದಿ ಕಳುಹಿಸಿರುವನು. ಸಿಲಿಂಜರನು ಕೈಬಿಡಲಾರನೆಂದು ನಂಬಿ ಈ ಲೇಖನಿಯನ್ನು ಕೆಳಗಿಡುವೆನು.